ಬದುಕಿ ಉಳಿದವರು ಹೇಡಿಗಳಲ್ಲ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಯುರೋಪಿನ ಯೆಹೂದ್ಯ ಜನಾಂಗದ ಮೇಲೆ ನಾತ್ಸಿಗಳು ನಡೆಸಿದ ಸಂಹಾರವನ್ನೂ, ಅದರ ನಡುವೆ ಆ ಜನ ತೋರಿದ ಪ್ರತಿರೋಧವನ್ನೂ ವಸ್ತುವಾಗಿ ಉಳ್ಳ ಚಲನಚಿತ್ರಗಳನ್ನು ನೋಡಿದ ನಮ್ಮ ವಿದ್ಯಾವಂತರು ಆಡುವ ಮಾತೊಂದು ಎಷ್ಟು ರೂಢವಾಗಿದೆಯೆಂದರೆ, ಅದನ್ನು ಪರೀಕ್ಷೆಗೆ ಒಡ್ಡಬೇಕೆಂಬ ವಿಚಾರವೇ ಯಾರಿಗೂ ಹೊಳೆದಂತೆ ಕಾಣುವುದಿಲ್ಲ. ಬಂದೂಕು ಹಿಡಿದ ಕೆಲವರು ಜನಾಂಗದ ಮಾನವನ್ನು ಉಳಿಸಿದರು. ಮಿಕ್ಕವರು ಕುರಿಗಳಂತೆ ತಲೆ ಬಾಗಿಸಿ ಕಟುಕನ ಬಾಗಿಲಿಗೆ ನಡೆದರು. ಅಡಗಿ ಕುಳಿತು ಜೀವ ಉಳಿಸಿಕೊಂಡವರದು ಅದೃಷ್ಟವೇ ಹೊರತು ಪರಾಕ್ರಮವಲ್ಲ. ಆದುದರಿಂದ ಗುಂಡಿನ ಸದ್ದು ಕೇಳಿಸುವ ಚಿತ್ರವೇ ಪ್ರತಿರೋಧದ ಚಿತ್ರ, ಉಳಿದವೆಲ್ಲ ಕಣ್ಣೀರಿನ ಚಿತ್ರಗಳು: ಇದು ಆ ಮಾತಿನ ಸಾರ. ಗೋಕಾಕ ಫಾಲ್ಸಿನ ಗಿರಣಿ ವಸತಿಯ ಕಟ್ಟೆಯ ಮೇಲೆ ಸಂಜೆ ಕೂಡುವ ಗೆಳೆಯರ ಬಾಯಲ್ಲಿಯೂ, ಶಾಲೆಯ ವ್ಯಾಸಪೀಠದಿಂದ ಮಾತನಾಡುವ ಉಪಾಧ್ಯಾಯರ ಬಾಯಲ್ಲಿಯೂ ನಾನು ಇದನ್ನೇ ಕೇಳುತ್ತ ಬಂದಿದ್ದೇನೆ. ಈ ಅಭಿಪ್ರಾಯವು ಚರಿತ್ರೆಗೆ ದೂರವಾದುದು, ಸತ್ತವರಿಗೂ ಬದುಕಿದವರಿಗೂ ಸಮಾನವಾಗಿ ಅನ್ಯಾಯ ಮಾಡುವಂತಹುದು, ಮತ್ತು ನಮ್ಮ ನಾಡಿನ ಹೋರಾಟದ ನೆನಪನ್ನೂ ಇದೇ ದೋಷವು ಅರ್ಧಕ್ಕೆ ಕತ್ತರಿಸಿದೆ ಎಂಬುದು ನನ್ನ ದೃಢವಾದ ನಿಲುವು.

ಈ ಮಾತು ನಮ್ಮಲ್ಲಿ ಹುಟ್ಟಿದ್ದಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. 1942ನೆಯ ಇಸವಿಯ ಹೊಸ್ತಿಲಲ್ಲಿ, ವಿಲ್ನಾ ಪಟ್ಟಣದ ಯೆಹೂದ್ಯರನ್ನು ಕೂಡಿಹಾಕಿದ್ದ ಘೆಟ್ಟೊದೊಳಗೆ, ಕವಿ ಆಬಾ ಕೋವ್ನರ್ ಬರೆದ ಕರೆಯಲ್ಲಿ ಕುರಿಗಳ ಉಪಮೆ ಬಂದಿತ್ತು. ಆದರೆ ಅವನು ಅದನ್ನು ಬಳಸಿದ್ದು ಇನ್ನೂ ಬದುಕಿದ್ದ ತನ್ನವರನ್ನು ಎಚ್ಚರಿಸಿ ಎಬ್ಬಿಸುವುದಕ್ಕೆ. ಯುದ್ಧ ಮುಗಿದ ತರುವಾಯ ಅದೇ ಉಪಮೆ ಸತ್ತವರ ಮೇಲೆ ಹೊರಿಸುವ ಆರೋಪವಾಗಿ ಮಾರ್ಪಟ್ಟಿತು. ಹೊಸದಾಗಿ ಹುಟ್ಟಿದ ಇಸ್ರೇಲಿಗೆ ಸೈನಿಕರು ಬೇಕಾಗಿದ್ದರು. ಯಾತನಾಶಿಬಿರಗಳಿಂದ ಬಂದಿಳಿದವರು ತಮ್ಮ ಕಥೆಯನ್ನು ಹೇಳಹೊರಟರೆ ಕೇಳುವವರ ಕಣ್ಣಿನಲ್ಲಿ, ನೀವೇಕೆ ಎದುರು ನಿಲ್ಲಲಿಲ್ಲ ಎಂಬ ಒಂದು ಪ್ರಶ್ನೆ ಮೂಡುತ್ತಿತ್ತು. 1951ರಲ್ಲಿ ಅಲ್ಲಿಯ ಸಂಸತ್ತು ಸಂಹಾರದ ಸ್ಮರಣದಿನವನ್ನು ಗೊತ್ತುಮಾಡಿದಾಗಲೂ ಘೆಟ್ಟೊ ಬಂಡಾಯದ ಹೆಸರನ್ನು ಅದಕ್ಕೆ ಜೋಡಿಸಿಯೇ ಗೊತ್ತುಮಾಡಿತು. ಸ್ವಜನರೇ ಆಡಿದ ಮಾತೆಂಬ ಕಾರಣದಿಂದ ಅದು ಸತ್ಯವಾಗಲಾರದು.

ಶಸ್ತ್ರ ಹಿಡಿಯದೆ ಸತ್ತವರು ಹೇಡಿಗಳೆಂದು ಹೇಳುವವರು ಒಂದು ಸಂಗತಿಗೆ ಉತ್ತರ ಕೊಡಬೇಕು. ಅದೇ ಯುದ್ಧದಲ್ಲಿ ಜರ್ಮನರ ಕೈಗೆ ಸೆರೆಸಿಕ್ಕ ಸೋವಿಯತ್ ಸೈನಿಕರಲ್ಲಿ 30 ಲಕ್ಷಕ್ಕೂ ಮಿಕ್ಕ ಜನ ಹಸಿವು, ಚಳಿ, ರೋಗ, ಗುಂಡುಗಳಿಗೆ ತುತ್ತಾಗಿ ಸೆರೆಯಲ್ಲೇ ಸತ್ತರು. ಅವರು ಯುದ್ಧವಿದ್ಯೆಯನ್ನು ಕಲಿತವರು, ಪ್ರಾಯದ ಗಂಡಸರು, ಹೆಂಡತಿ ಮಕ್ಕಳ ಕೈ ಹಿಡಿದುಕೊಂಡು ನಿಂತವರಲ್ಲ. ಅವರನ್ನು ಕುರಿಗಳೆಂದು ಯಾರಾದರೂ ಕರೆದಿದ್ದಾರೆಯೆ? ಇಲ್ಲ, ಕರೆಯಲೂ ಬಾರದು. ಹಾಗಿದ್ದ ಮೇಲೆ ಮುದುಕರು, ಬಾಣಂತಿಯರು, ಹಾಲುಗೂಸುಗಳಿಂದ ಕೂಡಿದ ಒಂದು ನಾಗರಿಕ ಸಮೂಹಕ್ಕೆ ಮಾತ್ರ ಈ ಪ್ರಶ್ನೆ ಏತಕ್ಕೆ? ಒಬ್ಬನು ಎತ್ತಿದ ಕೈಗೆ ಇಡೀ ಕೇರಿಯೇ ಬೆಲೆ ತೆರಬೇಕಾಗಿದ್ದ ಸ್ಥಿತಿಯಲ್ಲಿ, ಕೈ ಎತ್ತದೆ ಇರುವುದಕ್ಕೂ ಧೈರ್ಯ ಬೇಕಾಗಿತ್ತು. ವಿಲ್ನಾದ ಗುಪ್ತ ಸೇನೆಯ ದಳಪತಿ ಇಟ್ಜಿಕ್ ವಿಟೆನ್‌ಬರ್ಗ್, ತನ್ನನ್ನು ಒಪ್ಪಿಸದಿದ್ದರೆ ಘೆಟ್ಟೊವನ್ನೇ ನಾಶಗೊಳಿಸುವೆವೆಂದು ಜರ್ಮನರು ಬೆದರಿಸಿದಾಗ, 1943ರ ಜುಲೈ ತಿಂಗಳಲ್ಲಿ ತಾನಾಗಿ ಹೋಗಿ ಶರಣಾದನು. ಸೆರೆಯಲ್ಲಿ ಪ್ರಾಣ ಬಿಟ್ಟನು. ಗುಂಡು ಹಾರಿಸದ ಆ ನಡಿಗೆಯನ್ನು ಶರಣಾಗತಿಯ ಲೆಕ್ಕಕ್ಕೆ ಬರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಈಗ ಚಿತ್ರಗಳಿಗೆ ಬರೋಣ. ಈ ಅಭಿಪ್ರಾಯದವರು ಎತ್ತಿ ಹಿಡಿಯುವ ಕೃತಿ 2008ರ 'ಡಿಫೈಯನ್ಸ್'. ಎಡ್ವರ್ಡ್ ಜ್ವಿಕ್ ನಿರ್ದೇಶಿಸಿದ, ಡೇನಿಯಲ್ ಕ್ರೇಗ್ ನಾಯಕನಾಗಿ ನಟಿಸಿದ ಚಿತ್ರ. ಇಂದಿನ ಬೆಲಾರೂಸಿನ ಅರಣ್ಯದಲ್ಲಿ ಬೀಲ್ಸ್ಕಿ ಸಹೋದರರು ಕಟ್ಟಿದ ಪಡೆಯ ಕಥೆ ಅದು. ಚಿತ್ರದ ಕೊನೆಯಲ್ಲಿ ಜರ್ಮನರ ಟ್ಯಾಂಕ್ ಬರುತ್ತದೆ. ಘೋರ ಕಾಳಗ ನಡೆಯುತ್ತದೆ. ನಾಯಕನ ತಮ್ಮ ಸಕಾಲಕ್ಕೆ ಬಂದೊದಗುತ್ತಾನೆ. ಪ್ರೇಕ್ಷಕನ ಎದೆ ತಣಿಯುತ್ತದೆ. ಆದರೆ ಅಂತಹ ಟ್ಯಾಂಕ್ ಕಾಳಗವು ನಡೆದುದಕ್ಕೆ ಚರಿತ್ರೆಯಲ್ಲಿ ಆಧಾರವಿಲ್ಲ. ನಡೆದುದು ಬೇರೆ, ಮತ್ತು ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದು. 1943ರ ಬೇಸಿಗೆಯಲ್ಲಿ ಜರ್ಮನ್ ಸೈನ್ಯ ನಾಲಿಬೊಕಿ ಅರಣ್ಯವನ್ನು ಸುತ್ತುವರಿದಾಗ ಆ ಪಡೆಯ ನಾಯಕ ತೂವಿಯಾ ಬೀಲ್ಸ್ಕಿ ಹೆಂಗಸರನ್ನೂ ಮುದುಕರನ್ನೂ ಮಕ್ಕಳನ್ನೂ ಜೊತೆಗಿಟ್ಟುಕೊಂಡು ಕೆಸರಿನ ಜೌಗಿನಲ್ಲಿ ಒಳಕ್ಕೆ ಒಳಕ್ಕೆ ನಡೆಸಿಕೊಂಡು ಹೋಗಿ ಪಾರುಮಾಡಿದನು. ತರುವಾಯ ಅದೇ ಕಾಡಿನೊಳಗೆ ಒಂದು ಊರೇ ಎದ್ದಿತು: ಹಿಟ್ಟಿನ ಗಿರಣಿ, ರೊಟ್ಟಿ ಸುಡುವ ಒಲೆ, ಚಮ್ಮಾರರ ಮತ್ತು ದರ್ಜಿಗಳ ಕೊಟ್ಟಿಗೆಗಳು, ಸ್ನಾನಗೃಹ, ಮಕ್ಕಳ ಪಾಠಶಾಲೆ, ಪ್ರಾರ್ಥನೆಯ ಸ್ಥಳ. ಹತ್ತು ಜನ ಜರ್ಮನರನ್ನು ಕೊಲ್ಲುವುದಕ್ಕಿಂತ ಒಬ್ಬ ಯೆಹೂದ್ಯ ಮುದುಕಿಯನ್ನು ಉಳಿಸುವುದೇ ತನಗೆ ಮೇಲೆಂಬ ಅಭಿಪ್ರಾಯವನ್ನು ತೂವಿಯಾ ತನ್ನವರ ಮುಂದೆ ಮುಚ್ಚಿಡಲಿಲ್ಲ. 1944ರ ಬೇಸಿಗೆಯಲ್ಲಿ ಆ ಕಾಡಿನಿಂದ ಜೀವಂತ ಹೊರಬಂದವರು 1,200ಕ್ಕೂ ಮಿಕ್ಕು; ಅವರಲ್ಲಿ ಬಹುಮಂದಿ ಆಯುಧ ಹಿಡಿಯಲಾರದವರು. ಬಂದೂಕುಗಳು ಅಲ್ಲಿ ಇದ್ದವು, ಬೇಕಾಗಿಯೂ ಇದ್ದವು. ಆದರೆ ಅವು ಆ ಒಲೆಯನ್ನೂ ಆ ಪಾಠಶಾಲೆಯನ್ನೂ ಕಾಯುವುದಕ್ಕಾಗಿ ಇದ್ದವು. ಸಾಧನವನ್ನೇ ಸಾಧ್ಯವೆಂದು ತೋರಿಸಿದ ಚಿತ್ರವು, ತಾನು ಕೊಂಡಾಡಹೊರಟ ಮನುಷ್ಯನ ಜೀವಿತದ ಮುಖ್ಯ ನಿರ್ಧಾರವನ್ನೇ ಪ್ರೇಕ್ಷಕನ ಕಣ್ಣಿನಿಂದ ಮರೆಮಾಡಿತು.

ಇನ್ನೊಂದು ಸಂಗತಿ ಇದಕ್ಕಿಂತ ಹೆಚ್ಚು ಮನನೀಯವಾದುದು. ಆ ಚಿತ್ರಕ್ಕೆ ಆಧಾರವಾದ ಇತಿಹಾಸಗ್ರಂಥವನ್ನು ಬರೆದವಳು ನೆಖಾಮಾ ಟೆಕ್ ಎಂಬ ಸಮಾಜಶಾಸ್ತ್ರಜ್ಞೆ. ಪೋಲೆಂಡಿನ ಲುಬ್ಲಿನ್ನಿನಲ್ಲಿ ಹುಟ್ಟಿದ ಈಕೆ ಯುದ್ಧದ ವರ್ಷಗಳನ್ನು ಬಾಲಕಿಯಾಗಿ ಕಳೆದದ್ದು ಕ್ರೈಸ್ತ ಹುಡುಗಿಯ ಸೋಗು ಹಾಕಿ, ಪರರ ಮನೆಗಳಲ್ಲಿ ಅವಿತುಕೊಂಡು. ಬಂದೂಕು ಹಿಡಿದವರ ಕೀರ್ತಿಯನ್ನು ಜಗತ್ತಿಗೆ ಸಾರಿದುದು ಅವಿತು ಬದುಕಿದವಳ ಲೇಖನಿ.

ನಮ್ಮೂರಿನ ನದಿಯೇ ಈ ವಿಷಯದಲ್ಲಿ ನನಗೆ ಒಂದು ದೃಷ್ಟಾಂತವನ್ನು ಒದಗಿಸುತ್ತದೆ. ಮಳೆಗಾಲದಲ್ಲಿ ಘಟಪ್ರಭೆ 52 ಮೀಟರು ಎತ್ತರದಿಂದ ಧುಮುಕುವುದನ್ನು ನೋಡಲು ತೂಗುಸೇತುವೆಯ ಮೇಲೆ ಜನ ಸಂದಣಿಗೊಳ್ಳುತ್ತಾರೆ; ಸಿನಿಮಾದವರ ಕ್ಯಾಮರಾ ಬರುವುದೂ ಆಗಲೇ. ಆದರೆ ಗೋಕಾಕದಿಂದ ಮೂಡಲಗಿಯವರೆಗೆ ಹೊಲಗಳನ್ನು ಹಸುರಾಗಿಸುವ ನೀರು ಧುಮುಕುವ ನೀರಲ್ಲ; ಮೇಲುಗಡೆ ಹಿಡಕಲ್ಲಿನಲ್ಲಿ ತಡೆದು, ಧೂಪದಾಳದ ಒಡ್ಡಿನಿಂದ ತಿರುಗಿಸಿ, ಕಾಲುವೆಯಲ್ಲಿ ಸದ್ದಿಲ್ಲದೆ ಹರಿಸಿದ ನೀರು. ಕಣ್ಣಿಗೆ ಹಬ್ಬವಾದುದನ್ನು ಮಾತ್ರವೇ ನದಿಯೆಂದು ತಿಳಿದವನಿಗೆ ಈ ತಾಲ್ಲೂಕು ಏನನ್ನು ಉಂಡು ಬದುಕುತ್ತದೆಂಬುದು ತಿಳಿಯದು.

ವಾರ್ಸಾದ ಘೆಟ್ಟೊವನ್ನೇ ತೆಗೆದುಕೊಳ್ಳಿರಿ. 1943ರ ಏಪ್ರಿಲ್ 19ರಂದು ಮೊರ್ದೆಖಾಯ್ ಅನಿಯೆಲೆವಿಚ್‌ನ ನೇತೃತ್ವದಲ್ಲಿ ತರುಣ ತರುಣಿಯರು ಬೆರಳೆಣಿಕೆಯ ಪಿಸ್ತೂಲುಗಳಿಂದಲೂ ಮನೆಯಲ್ಲಿ ತಯಾರಿಸಿದ ಬಾಂಬುಗಳಿಂದಲೂ ಜರ್ಮನ್ ಪಡೆಯನ್ನು ಎದುರಿಸಿ, ಸುಮಾರು ಒಂದು ತಿಂಗಳು ಕಾದಾಡಿದರೆಂಬುದು ಮನುಕುಲ ಇರುವವರೆಗೂ ನೆನೆಯತಕ್ಕ ಕಾರ್ಯ. ಅವರಿಗೆ ಸಲ್ಲುವ ಗೌರವದಲ್ಲಿ ಎಳ್ಳಷ್ಟನ್ನೂ ಕಡಿಮೆ ಮಾಡಲು ನಾನು ಬಯಸುವುದಿಲ್ಲ. ಆದರೆ ಆ ತಿಂಗಳಿನ ಹಿಂದೆ ಎರಡೂವರೆ ವರ್ಷಗಳಿದ್ದವು. 3.4 ಚದರ ಕಿಲೋಮೀಟರಿನೊಳಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು ತುಂಬಿ, ದಿನವೊಂದಕ್ಕೆ 200 ಕ್ಯಾಲರಿಗೂ ಕಡಿಮೆಯಾದ ಪಡಿಯನ್ನು ಗೊತ್ತುಮಾಡಿದ ಆಡಳಿತದ ಉದ್ದೇಶ ಜನ ಸಾಯಲೆಂಬುದೇ ಆಗಿತ್ತು; ಹಾಗಿರುವಾಗ ಗೋಡೆಯ ಬಿರುಕಿನಲ್ಲಿ ನುಸುಳಿ ಹೊರಗಿನಿಂದ ಬಟಾಟೆಯನ್ನು ಅಂಗಿಯೊಳಗೆ ತುಂಬಿಕೊಂಡು ಬರುತ್ತಿದ್ದ ಎಂಟು ಹತ್ತು ವರ್ಷದ ಮಕ್ಕಳು, ಸಿಕ್ಕಿಬಿದ್ದರೆ ಗುಂಡು ತಿನ್ನುವೆವೆಂದು ತಿಳಿದೂ ಮರುದಿನ ಮತ್ತೆ ನುಸುಳುತ್ತಿದ್ದ ಆ ಮಕ್ಕಳು, ಆಡಳಿತದ ಆಜ್ಞೆಯನ್ನು ದಿನಂಪ್ರತಿ ಮುರಿಯುತ್ತಿದ್ದರು. ಇದು ಪ್ರತಿರೋಧವಲ್ಲದಿದ್ದರೆ ಇನ್ನಾವುದು?

ಅದೇ ಗೋಡೆಗಳೊಳಗೆ ಇತಿಹಾಸಕಾರನಾದ ಎಮಾನುಯೆಲ್ ರಿಂಗೆಲ್‌ಬ್ಲುಮ್ ಒಂದು ಗುಪ್ತ ಬಳಗವನ್ನು ಕಟ್ಟಿ, ಘೆಟ್ಟೊದ ಬದುಕಿನ ಒಂದೊಂದು ಚೂರನ್ನೂ, ಪಡಿಚೀಟಿಯಿಂದ ಹಿಡಿದು ಮಕ್ಕಳ ಪ್ರಬಂಧದವರೆಗೆ, ಸಂಗ್ರಹಿಸಿದನು. ತಾವು ಸಾಯುವೆವೆಂಬುದು ಖಚಿತವಾದಾಗ ಆ ಕಾಗದಗಳನ್ನು ತಗಡಿನ ಪೆಟ್ಟಿಗೆಗಳಲ್ಲಿಯೂ ಹಾಲಿನ ಕ್ಯಾನುಗಳಲ್ಲಿಯೂ ತುಂಬಿ ನೆಲದೊಳಗೆ ಹೂತರು. ರಿಂಗೆಲ್‌ಬ್ಲುಮ್‌ನನ್ನು ಹೆಂಡತಿ ಮಗನೊಡನೆ 1944ರ ಮಾರ್ಚಿನಲ್ಲಿ ಕೊಂದರು. ಬಳಗದಲ್ಲಿ ಬದುಕಿ ಉಳಿದವರು ಮೂರೇ ಜನ. ಹೂತ ಸ್ಥಳವನ್ನು ಬಲ್ಲ ಹೆರ್ಶ್ ವಾಸ್ಸರ್ ಅವರಲ್ಲೊಬ್ಬ. ಮಣ್ಣುಗುಡ್ಡೆಯಾಗಿದ್ದ ಪಟ್ಟಣದಲ್ಲಿ ಅವನ ತಿಳಿವಿನ ಆಧಾರದ ಮೇಲೆ ಅಗೆದು 1946ರಲ್ಲಿ ಪೆಟ್ಟಿಗೆಗಳನ್ನು ಹೊರತೆಗೆದರು. 1950ರಲ್ಲಿ ಕ್ಯಾನುಗಳು ಸಿಕ್ಕವು. ಒಟ್ಟು ಸುಮಾರು 35,000 ಪುಟಗಳು. ವಾಸ್ಸರನೂ ಕೈಯಲ್ಲಿ ಪಿಸ್ತೂಲು ಹಿಡಿದು ಮೊದಲ ದಿನವೇ ಮಡಿದಿದ್ದರೆ ಅವನ ಹೆಸರನ್ನು ಕಲ್ಲಿನಲ್ಲಿ ಕೆತ್ತುತ್ತಿದ್ದೆವು, ಮತ್ತು ಆ ಕಾಗದಗಳು ಮಣ್ಣಿನಲ್ಲಿ ಮಣ್ಣಾಗುತ್ತಿದ್ದವು. ಬದುಕಿಕೊಂಡದ್ದೇ ಅವನ ಕರ್ತವ್ಯವಾಗಿತ್ತು. ರೊಬರ್ಟಾ ಗ್ರಾಸ್ಮನ್ 2018ರಲ್ಲಿ 'ಹೂ ವಿಲ್ ರೈಟ್ ಅವರ್ ಹಿಸ್ಟರಿ' ಎಂಬ ಹೆಸರಿನಿಂದ ಈ ಕಥೆಯನ್ನು ಚಿತ್ರವಾಗಿಸಿದಳು. 'ಡಿಫೈಯನ್ಸ್' ನೋಡಿದ ಹತ್ತು ಜನರಲ್ಲಿ ಒಬ್ಬರಾದರೂ ಇದನ್ನು ನೋಡಿರುವರೆ ಎಂದು ನನ್ನ ಗೆಳೆಯರನ್ನು ಕೇಳಿದಾಗ ನನಗೆ ಸಿಕ್ಕ ಉತ್ತರ ಮೌನ.

ಅಡಗಿ ಕುಳಿತವರ ಚಿತ್ರದಲ್ಲಿ ಕ್ರಿಯೆ ಇಲ್ಲ, ಆದುದರಿಂದ ಅದು ಸಿನಿಮಾಕ್ಕೆ ಒಗ್ಗುವ ವಸ್ತುವಲ್ಲ ಎಂಬ ಆಕ್ಷೇಪವನ್ನು ಕಲೆಯನ್ನು ಬಲ್ಲವರೂ ಎತ್ತುತ್ತಾರೆ. ಅಂತಹವರು ಅಗ್ನಿಯೆಷ್ಕಾ ಹೋಲಾಂಡ್ 2011ರಲ್ಲಿ ನಿರ್ದೇಶಿಸಿದ 'ಇನ್ ಡಾರ್ಕ್‌ನೆಸ್' ಚಿತ್ರವನ್ನು ದೀಪ ಆರಿಸಿದ ಕೋಣೆಯಲ್ಲಿ ಕುಳಿತು ನೋಡಬೇಕು. ಲ್ವೋವ್ ಪಟ್ಟಣದ ಘೆಟ್ಟೊವನ್ನು ಅಳಿಸಿಹಾಕಿದಾಗ ಕೆಲವು ಮಂದಿ ಊರಿನ ಗಟಾರದ ಸುರಂಗಕ್ಕೆ ಇಳಿದು ಅಲ್ಲಿ 14 ತಿಂಗಳು ಬದುಕಿದ ನಿಜವಾದ ಸಂಗತಿ ಅದು. ತೆರೆಯ ಮೇಲೆ ಬಹುಹೊತ್ತು ಕಾಣುವುದು ಕೈದೀಪದ ಒಂದು ಹಳದಿ ವೃತ್ತ, ಅದರಲ್ಲಿ ಒದ್ದೆಯಾದ ಇಟ್ಟಿಗೆಯ ಗೋಡೆ, ಗೋಡೆಯ ಅಂಚಿನಲ್ಲಿ ಓಡುವ ಇಲಿಗಳು, ಬೆನ್ನು ನೆಟ್ಟಗೆ ಮಾಡಲಾಗದಷ್ಟು ತಗ್ಗಿನ ಕಮಾನು. ಮೇಲೆ ರಸ್ತೆಯಲ್ಲಿ ಜನ ಚರ್ಚಿಗೆ ಹೋಗುತ್ತಾರೆ. ಕೆಳಗೆ ಒಬ್ಬ ಹೆಂಗಸು ಹೆರುತ್ತಾಳೆ, ಮತ್ತು ಕೂಸಿನ ಅಳು ಎಲ್ಲರ ಪ್ರಾಣಕ್ಕೆ ಎರವಾಗುವುದೆಂಬ ಭಯದಲ್ಲಿ ಆ ತಾಯಿ ಮಾಡುವುದನ್ನು ನೋಡಿದ ಮೇಲೆ, ಅಡಗುವುದು ಸುಲಭದ ದಾರಿಯೆಂದು ಹೇಳುವ ನಾಲಿಗೆ ಯಾವುದು? ಅವರಿಗೆ ಅನ್ನ ತಂದುಕೊಡುವ ಲಿಯೋಪೋಲ್ಡ್ ಸೋಹಾ ಗಟಾರದ ಕೆಲಸಗಾರ, ಚಿಲ್ಲರೆ ಕಳ್ಳ. ಮೊದಲು ಹಣಕ್ಕಾಗಿ ಒಪ್ಪಿಕೊಂಡವನು, ಹಣ ತೀರಿದ ಮೇಲೆಯೂ ಬಿಡಲಿಲ್ಲ. ಒಬ್ಬ ಕಳ್ಳನು ಸತ್ಪುರುಷನಾಗುವುದಕ್ಕಿಂತ ಹೆಚ್ಚಿನ ಕ್ರಿಯೆಯನ್ನು ಯಾವ ಕಾಳಗದ ದೃಶ್ಯದಲ್ಲಿ ಹುಡುಕಬೇಕು?

ಹಂಗೇರಿಯ ಲಾಸ್ಲೊ ನೆಮೆಶ್ 2015ರಲ್ಲಿ ನಿರ್ದೇಶಿಸಿದ 'ಸನ್ ಆಫ್ ಸಾಲ್' ಇದೇ ವಾದವನ್ನು ಇನ್ನಷ್ಟು ಕಠಿನವಾದ ಸ್ಥಳಕ್ಕೆ ಒಯ್ಯುತ್ತದೆ. ಆಶ್ವಿಟ್ಸ್ ಯಾತನಾಶಿಬಿರದಲ್ಲಿ ಹೆಣ ಸುಡುವ ಕೆಲಸಕ್ಕೆ ಬಲವಂತದಿಂದ ನಿಯಮಿತರಾದ ಯೆಹೂದ್ಯರು ಬಂಡಾಯಕ್ಕೆ ಸಿದ್ಧರಾಗುತ್ತಿರುವಾಗ, ಅವರಲ್ಲೊಬ್ಬನಾದ ಸಾಲ್ ಒಬ್ಬ ಹುಡುಗನ ಶವಕ್ಕೆ ವಿಧಿಪೂರ್ವಕವಾದ ಸಂಸ್ಕಾರ ಮಾಡಿಸಬೇಕೆಂದು ಯೆಹೂದ್ಯ ಧರ್ಮಗುರುವನ್ನು ಹುಡುಕುತ್ತಾನೆ. ಸತ್ತವರಿಗಾಗಿ ಬದುಕಿರುವವರಿಗೆ ದ್ರೋಹ ಮಾಡಿದೆ ಎಂದು ಸಂಗಡಿಗರು ಅವನನ್ನು ದೂರುತ್ತಾರೆ. ಚಿತ್ರವು ಆ ದೂರನ್ನು ಅಲ್ಲಗಳೆಯುವುದಿಲ್ಲ, ಆದರೆ ಮನುಷ್ಯನ ಹೆಣಕ್ಕೆ ಬೂದಿಯ ಲೆಕ್ಕವಷ್ಟೇ ಉಳಿದ ಸ್ಥಳದಲ್ಲಿ ಒಂದು ಹೆಣವನ್ನು ಹೆಣವೆಂದು ಗೌರವಿಸುವ ಹಟವೂ ಎದುರುನಿಲ್ಲುವ ಬಗೆಯೇ ಎಂಬುದನ್ನು ಮನಗಾಣಿಸುತ್ತದೆ. 1944ರ ಅಕ್ಟೋಬರ್ 7ರ ಆ ಬಂಡಾಯಕ್ಕೆ ಸಿಡಿಮದ್ದು ಬಂದದ್ದು ಶಿಬಿರದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳಿಂದ. ಚಿಟಿಕೆ ಚಿಟಿಕೆಯಾಗಿ ಅರಿವೆಯಲ್ಲಿ ಕಟ್ಟಿ ತಿಂಗಳುಗಟ್ಟಲೆ ಸಾಗಿಸಿದರು. ರೋಜಾ ರೊಬೊಟಾ ಮತ್ತು ಅವಳ ಮೂವರು ಸಂಗಾತಿಗಳನ್ನು 1945ರ ಜನವರಿಯಲ್ಲಿ, ಶಿಬಿರದ ಬಿಡುಗಡೆಗೆ ಮೂರು ವಾರಗಳಷ್ಟೇ ಇದ್ದಾಗ, ಗಲ್ಲಿಗೇರಿಸಿದರು. ಸ್ಫೋಟದ ದೃಶ್ಯಕ್ಕೆ ಚಪ್ಪಾಳೆ ತಟ್ಟುವವರು ಆ ಚಿಟಿಕೆಗಳನ್ನು ಎಣಿಸುವುದಿಲ್ಲ.

ಸ್ಟೀವನ್ ಸ್ಪಿಲ್‌ಬರ್ಗನ 'ಶಿಂಡ್ಲರ್ಸ್ ಲಿಸ್ಟ್' ಚಿತ್ರದ ಬಗ್ಗೆ ಎರಡು ಮಾತು ಸಾಕು. ಸುಮಾರು 1,100 ಜೀವಗಳನ್ನು ಉಳಿಸಿದ ಜರ್ಮನನೊಬ್ಬನ ಮಹಿಮೆಯನ್ನು ಹೇಳುವಾಗ ಅದು ಉಳಿದವರನ್ನು ಬಹುಮಟ್ಟಿಗೆ ಉಳಿಸಲ್ಪಟ್ಟವರನ್ನಾಗಿಯೇ ತೋರಿಸಿತು; ಅವರ ಸ್ವಂತ ಉಪಾಯ, ಪರಸ್ಪರ ಕಾಳಜಿ, ಒಂದು ತುಣುಕು ರೊಟ್ಟಿಯನ್ನು ಹಂಚಿಕೊಂಡ ನೀತಿ ಹಿನ್ನೆಲೆಗೆ ಸರಿದವು. ನಾನು ವಿರೋಧಿಸುತ್ತಿರುವ ಅಭಿಪ್ರಾಯಕ್ಕೆ ಇಂತಹ ಚಿತ್ರಗಳೂ ಪೋಷಣೆ ಕೊಟ್ಟಿವೆ.

ಇದೆಲ್ಲ ದೂರದ ಕಥೆ, ನಮಗೇನು ಸಂಬಂಧವೆನ್ನುವವರಿಗೆ ನಮ್ಮ ನೆರೆಯ ಕೊಲ್ಲಾಪುರವನ್ನು ತೋರಿಸುತ್ತೇನೆ. ಸೈಬೀರಿಯಾಕ್ಕೆ ಗಡಿಪಾರಾಗಿ ಬದುಕಿ ಬಂದ ಸುಮಾರು 5,000 ಪೋಲಿಷ್ ನಿರಾಶ್ರಿತರು, ಹೆಚ್ಚಾಗಿ ಹೆಂಗಸರು ಮಕ್ಕಳು, 1943ರಿಂದ 1948ರವರೆಗೆ ಅಲ್ಲಿಯ ವಳಿವಡೆ ಶಿಬಿರದಲ್ಲಿ ಶಾಲೆ, ಚರ್ಚು, ನಾಟಕಗಳನ್ನು ಕಟ್ಟಿಕೊಂಡು ಬಾಳಿದರು. ಅವರು ಯೆಹೂದ್ಯರಲ್ಲ, ಅವರ ಸಂಕಟ ಬೇರೆ. ಬೆಂಗಳೂರಿಗೆ ಬಂದವನು ಯೆಹೂದ್ಯನೇ: ಹಿಟ್ಲರನ ಜರ್ಮನಿಯಿಂದ ಹೊರದೂಡಲ್ಪಟ್ಟ ವಾಸ್ತುಶಿಲ್ಪಿ ಒಟ್ಟೊ ಕ್ಯೋನಿಗ್ಸ್‌ಬರ್ಗರ್, 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ ಭಾರತೀಯ ವಿಜ್ಞಾನ ಮಂದಿರದ ಕೆಲವು ಕಟ್ಟಡಗಳನ್ನು ರೂಪಿಸಿದನು. ಬದುಕಿ ಉಳಿದವನ ದುಡಿಮೆಯ ಫಲವನ್ನು ನಮ್ಮ ವಿದ್ಯಾರ್ಥಿಗಳು ಇಂದಿಗೂ ಉಣ್ಣುತ್ತಿದ್ದಾರೆ.

ಆದರೆ ನನ್ನ ಮನಸ್ಸನ್ನು ಹೆಚ್ಚು ಕಾಡುವುದು ಸ್ವದೇಶದ ಲೆಕ್ಕ. 1961ರಲ್ಲಿ ಬಿ. ಆರ್. ಪಂತುಲು ನಿರ್ಮಿಸಿದ 'ಕಿತ್ತೂರು ಚೆನ್ನಮ್ಮ' ಚಿತ್ರವು ನಮ್ಮ ಜಿಲ್ಲೆಯ ರಾಣಿಯನ್ನು ಕನ್ನಡಿಗರ ಮನೆಮನೆಗೆ ಒಯ್ದ ಉಪಕಾರವನ್ನು ಮರೆಯಲಾಗದು. ಕಪ್ಪ ಕೊಡಲಾರೆನೆಂಬ ರಾಣಿಯ ಮಾತನ್ನು ಗೋಕಾಕ ಹುಕ್ಕೇರಿಗಳ ಶಾಲೆಯ ಸ್ನೇಹಸಮ್ಮೇಳನಗಳಲ್ಲಿ ಪುಟ್ಟ ಹುಡುಗಿಯರು ಮರದ ಕತ್ತಿ ಹಿಡಿದು ಆಡುತ್ತಾರೆ, ನೋಡುವುದು ಸಂತೋಷವೇ. ಆದರೆ 1824ರ ಅಕ್ಟೋಬರ್ 23ರಂದು ಈಸ್ಟ್ ಇಂಡಿಯಾ ಕಂಪನಿಯ ಕಲೆಕ್ಟರ್ ಥ್ಯಾಕರೆ ಬಿದ್ದ ದಿನವನ್ನು ಬಲ್ಲ ಆ ಮಕ್ಕಳಿಗೆ, ಅದೇ ಡಿಸೆಂಬರಿನಲ್ಲಿ ಕೋಟೆ ಬಿದ್ದು ಸೆರೆಯಾದ ರಾಣಿ 1829ರಲ್ಲಿ ತೀರಿಕೊಳ್ಳುವವರೆಗೆ ನಾಲ್ಕು ವರ್ಷಕ್ಕೂ ಮಿಕ್ಕು ಬೈಲಹೊಂಗಲದ ಸೆರೆಯಲ್ಲಿ ಬದುಕಿದಳೆಂಬುದನ್ನು ಆಡಿತೋರಿಸಿದವರಿಲ್ಲ. ರಾಜ್ಯ ಹೋಗಿ, ಜೊತೆಯವರು ಹೋಗಿ, ಕಾವಲುಗಾರರ ನಡುವೆ ದಿನ ನೂಕಿದ ಆ ರಾಣಿಯನ್ನು ನಮ್ಮ ಸಿನಿಮಾ ಎಂದು ಕಂಡೀತು?

ಚೆನ್ನಮ್ಮನ ಬಂಟ ಸಂಗೊಳ್ಳಿ ರಾಯಣ್ಣನ ವಿಷಯವೂ ಹೀಗೆಯೇ. 2012ರ ಚಿತ್ರದಲ್ಲಿ ದರ್ಶನ್ ಎತ್ತಿದ ಖಡ್ಗವನ್ನು ಊರೂರು ಕೊಂಡಾಡಿತು. ಆದರೆ ಕಾಡಿನಲ್ಲಿ ಅಲೆಯುತ್ತಿದ್ದ ರಾಯಣ್ಣನನ್ನು ಕಂಪನಿಯ ಸೈನ್ಯ ಹಿಡಿಯಲಾರದೆ ಹೋದುದು ಖಡ್ಗದ ಭಯದಿಂದ ಮಾತ್ರವಲ್ಲ. ಹಳ್ಳಿಗರು ಬುತ್ತಿ ಕಟ್ಟಿ ಕೊಟ್ಟರು, ದಾರಿ ತೋರಿಸಿದರು, ಕೇಳಿದವರಿಗೆ ಬಾಯಿ ಬಿಡಲಿಲ್ಲ. 1830ರಲ್ಲಿ ಅವನು ಸಿಕ್ಕಿದುದು ಕಾಳಗದಲ್ಲಿ ಸೋತಲ್ಲ, ನಂಬಿದವರ ದ್ರೋಹದಿಂದ. ಹಾಗೆಂದ ಮೇಲೆ ಅದುವರೆಗೆ ದ್ರೋಹ ಮಾಡದೆ ಉಳಿದ ಹೆಸರಿಲ್ಲದ ನೂರಾರು ಮನೆಗಳೇ ಅವನ ಕೋಟೆಯಾಗಿದ್ದವಲ್ಲವೆ? ಆ ಮನೆಗಳ ಒಳಗಣ ರಾತ್ರಿಗಳನ್ನು ಯಾವ ಚಿತ್ರವೂ ಕಥೆಯ ಕೇಂದ್ರಕ್ಕೆ ತಂದುದನ್ನು ನಾನು ನೋಡಿಲ್ಲ.

ಯೆಹೂದ್ಯರು ವಿಲ್ನಾ ವಾರ್ಸಾಗಳಲ್ಲಿ ಒದ್ದಾಡುತ್ತಿದ್ದ 1942ರಲ್ಲಿಯೇ ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಕ್ವಿಟ್ ಇಂಡಿಯಾ ಚಳವಳಿಯ ಭೂಗತ ಹೋರಾಟ ನಡೆದಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅವಿವೇಕವನ್ನು ನಾನು ಮಾಡುವುದಿಲ್ಲ. ಅಲ್ಲಿ ಒಂದು ಜನಾಂಗವನ್ನೇ ಅಳಿಸಹೊರಟಿದ್ದರು, ಇಲ್ಲಿ ಹಾಗಲ್ಲ. ಆದರೆ ನೆನಪಿನ ಅನ್ಯಾಯ ಎರಡು ಕಡೆಯೂ ಒಂದೇ ಜಾತಿಯದು. ಚಾವಡಿಯ ದಫ್ತರ ಸುಟ್ಟವರ, ತಂತಿ ಕಡಿದವರ ಹೆಸರುಗಳು ಕಲ್ಲಿನ ಮೇಲೆ ಬಂದವು. ಅವರನ್ನು ಮಾಳಿಗೆಯ ಮೇಲೆ ಮಲಗಿಸಿ, ನಸುಕಿನಲ್ಲಿ ಎಬ್ಬಿಸಿ, ಬಿಳಿಜೋಳದ ರೊಟ್ಟಿಯನ್ನೂ ಕರಿಂಡಿಯನ್ನೂ ಅರಿವೆಯಲ್ಲಿ ಕಟ್ಟಿಕೊಟ್ಟು, ಫೌಜದಾರ ಬಂದು ಗದರಿದಾಗ ಕಂಡಿಲ್ಲವೆಂದು ಹೇಳಿದ ತಾಯಂದಿರ ಹೆಸರು ಬರಲಿಲ್ಲ. ಇದೇ ಗೋಕಾಕ ತಾಲ್ಲೂಕಿನ ಮಲಾಮರಡಿಯಲ್ಲಿ ಹುಟ್ಟಿ, ಆ ಚಳವಳಿಯಲ್ಲಿ ಸೆರೆಮನೆಯನ್ನು ಕಂಡ ಬಸವರಾಜ ಕಟ್ಟೀಮನಿಯವರು 'ಮಾಡಿ ಮಡಿದವರು' ಕಾದಂಬರಿಯನ್ನು ಬರೆದರು, ಕೆ. ಎಂ. ಶಂಕರಪ್ಪನವರು 1974ರಲ್ಲಿ ಅದನ್ನು ಚಿತ್ರವಾಗಿಸಿದರು. ನಮ್ಮ ಮಣ್ಣಿನಿಂದ ಎದ್ದ ಆ ಚಿತ್ರವನ್ನು ನಮ್ಮ ತಾಲ್ಲೂಕಿನಲ್ಲಿ ಇಂದು ಎಷ್ಟು ಮಂದಿ ನೋಡಿದ್ದಾರೆ?

ಆದುದರಿಂದ ಸಿನಿಮಾ ಕಲಿಯುತ್ತಿರುವ, ಕೈಯಲ್ಲಿ ಕ್ಯಾಮರಾ ಉಳ್ಳ ಗೋಕಾಕ, ಮೂಡಲಗಿ, ಹುಕ್ಕೇರಿಗಳ ತರುಣರಲ್ಲಿ ನನ್ನ ಬಿನ್ನಹವಿದು. 1942ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತು ದಾಟಿದ್ದಾರೆ. ಅಂತಹವರು ನಿಮ್ಮ ಊರಿನಲ್ಲಿ ಇನ್ನೂ ಇದ್ದರೆ ಈ ವಾರವೇ ಹೋಗಿ, ಅಂದು ಮನೆಗೆ ಯಾರು ಬಂದರು, ಎಲ್ಲಿ ಅಡಗಿಸಿದಿರಿ, ಏನು ಉಣ್ಣಲು ಕೊಟ್ಟಿರಿ, ಪೊಲೀಸರಿಗೆ ಏನು ಹೇಳಿದಿರಿ ಎಂದು ಕೇಳಿರಿ, ಕೇಳಿದುದನ್ನು ಧ್ವನಿಮುದ್ರಿಸಿಕೊಳ್ಳಿರಿ. ಅವರು ಇಲ್ಲದಿದ್ದರೆ ತಾಯಿಯ ಬಾಯಿಂದ ಕೇಳಿದ ಅವರ ಮಕ್ಕಳನ್ನು ಕೇಳಿರಿ. ಕತ್ತಿ ಹಿಡಿದವರ ಚಿತ್ರಗಳು ನಮ್ಮಲ್ಲಿ ಬೇಕಾದಷ್ಟಿವೆ. ಈ ಚಿತ್ರವನ್ನು ನೀವು ಮಾಡಿರಿ.